ಎಂಬತ್ತಮೂರು ತೋರಿಸಿದ ಪೆಟ್ಟಿಗೆ

ಗಾಳೇಶ ಕೊಪ್ಪಳದ ಜೈಲು ಸೇರಿ ಹದಿನೇಳು ದಿನವಾಗಿತ್ತು. ಗುರುವಾರ ಹೇಮಾ ಗಂಡನನ್ನು ನೋಡಲು ಹೋದಾಗ ಅವನ ಗಡ್ಡ ಬೆಳೆದಿತ್ತು, ಕೊರಳ ಎಲುಬು ಎದ್ದು ಕಾಣುತ್ತಿತ್ತು. ಜಾಳಿಗೆಯ ಆಚೆ ಬಂದು ಕೂತವನು ಅವಳು ಏನನ್ನೂ ಕೇಳುವ ಮೊದಲೇ ಹೇಳಿದ:

"ಸೋಮವಾರ ಕೋರ್ಟಿನ್ಯಾಗ ನಾ ಒಪ್ಕೊಂಡುಬಿಡ್ತೀನಿ."

"ಏನಂತ ಒಪ್ಕೊಂತೀರಿ?"

"ಜೋರ ಹೊಡದೆ ಅಂತ. ಎಂಬತ್ತಮೂರರ ಸ್ಪೀಡಿನ್ಯಾಗ ಇದ್ದೆ ಅಂತ."

"ನಲವತ್ತರ ಮ್ಯಾಲ ಇದ್ದಿಲ್ಲ ಅಂತ ನೀವ ಅಂದಿದ್ರಿ."

"ಅಂದಿದ್ದೆ. ಈಗ ನನಗ ತಿಳೀವಲ್ದು ಹೇಮಾ. ಕಣ್ಣ ಮುಚ್ಚಿದ್ರ ಬಸ್ಸು ಓಡ್ತೈತಿ. ನಿನ್ನೆಕಿಂತ ಇವತ್ತು ಜೋರ ಓಡ್ತೈತಿ. ಬಸ್ಸಿನ್ಯಾಗಿನ ಪೆಟಿಗಿಗೆ ಸುಳ್ಳು ಹೇಳಿ ಏನ ಆಗಬೇಕಾಗೈತಿ? ಆಗಬೇಕಾಗಿದ್ದು ನನಗ."

ಪೊಲೀಸ ಹೊತ್ತಾಯಿತೆಂದು ಕೂಗಿದ. ಗಾಳೇಶ ಎದ್ದು ತಿರುಗಿ ನೋಡದೆ ಒಳಗೆ ಹೋದ.

ಅವನು ಹದಿನಾರು ವರ್ಷದಿಂದ ಡ್ರೈವರ್. ಗಿಣಿಗೇರಾದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರನ್ನು ಬೆಳಿಗ್ಗೆ ಅವರವರ ಊರಿಗೆ ಬಿಡುವ ಬಸ್ಸು ಅವನದು. ಬಸ್ಸಿನ ಮಾಲೀಕ ಕಂತ್ರಾಟುದಾರ ಪಂಪಣ್ಣ. ಜನವರಿಯ ಒಂದು ಬೆಳಿಗ್ಗೆ, ಗಾಳೇಶನ ಹುಟ್ಟೂರು ತಳಕಲ್ ಇನ್ನೇನು ಬಂತು ಎನ್ನುವಾಗ, ರಸ್ತೆಯಲ್ಲಿದ್ದ ದುರಗಮ್ಮ ಎಂಬ ಹೆಂಗಸು ಬಸ್ಸಿಗೆ ಸಿಕ್ಕಳು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬಸ್ಸಿನಲ್ಲಿದ್ದ ಮೂವತ್ತೊಂದು ಜನರಲ್ಲಿ ಎಚ್ಚರವಿದ್ದವರು ಯಾರೂ ಇರಲಿಲ್ಲ. ಇದ್ದರೂ ಬಾಯಿ ಬಿಡಲಿಲ್ಲ.

ಬಸ್ಸಿನ ಡ್ಯಾಶ್‌ಬೋರ್ಡಿನ ಕೆಳಗೆ ಸೀಲು ಹಾಕಿದ ಒಂದು ಪೆಟ್ಟಿಗೆ ಇತ್ತು. ಬಸ್ಸು ಅರವತ್ತರ ಮೇಲೆ ಹೋಗದಂತೆ ತಡೆಯುವ ಸ್ಪೀಡ್ ಗವರ್ನರ್ ಅದು. ಪ್ರತಿ ನಿಮಿಷ ಬಸ್ಸು ಮುಟ್ಟಿದ ಅತಿ ಹೆಚ್ಚಿನ ವೇಗವನ್ನು ಅದು ಬರೆದಿಟ್ಟುಕೊಳ್ಳುತ್ತಿತ್ತು. ಪೊಲೀಸರು ತೆಗೆಸಿ ನೋಡಿದಾಗ ಆ ಹೊತ್ತಿನ ನಾಲ್ಕು ನಿಮಿಷಗಳ ಲೆಕ್ಕ ಹೀಗಿತ್ತು: ಮೂವತ್ತೆಂಟು, ನಲವತ್ತೊಂದು, ಎಂಬತ್ತಮೂರು, ಸೊನ್ನೆ. ಅರವತ್ತಕ್ಕೆ ಕಟ್ಟಿದ ಬಸ್ಸು ಎಂಬತ್ತಮೂರು ಮುಟ್ಟಿದ್ದರೆ ಡ್ರೈವರ್ ಪೆಟ್ಟಿಗೆಯನ್ನು ಬೇಕಂತಲೇ ಕೆಡಿಸಿರಬೇಕು ಎಂದು ಪೊಲೀಸರು ಜಾಮೀನು ಸುಲಭಕ್ಕೆ ಸಿಗದ ದೊಡ್ಡ ಸೆಕ್ಷನ್ ಹಾಕಿದರು. ಜಾಮೀನು ಒಮ್ಮೆ ತಿರಸ್ಕಾರವಾಗಿತ್ತು. ಸೋಮವಾರ ಎರಡನೆಯ ಅರ್ಜಿ.

ಹೇಮಾ ಕೊಪ್ಪಳದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಇಂಥ ಪೆಟ್ಟಿಗೆಗಳ ಒಳಗಿರುವ ಸಣ್ಣ ಚಿಪ್ಪುಗಳಿಗೆ ಪ್ರೋಗ್ರಾಂ ಬರೆಯುವುದನ್ನು ಹುಡುಗರಿಗೆ ಕಲಿಸುವುದೇ ಅವಳ ಕೆಲಸ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆ. ಚಕ್ರಕ್ಕೆ ಹಲ್ಲಿನ ಬಳೆಯೊಂದನ್ನು ಹಾಕಿರುತ್ತಾರೆ. ಒಂದೊಂದು ಹಲ್ಲು ಸೆನ್ಸರಿನ ಮುಂದೆ ಹಾದಾಗಲೂ ಚಿಪ್ಪಿನ ಟೈಮರು ಆ ಕ್ಷಣದ ಎಣಿಕೆಯನ್ನು ಹಿಡಿದಿಡುತ್ತದೆ. ಇನ್‌ಪುಟ್ ಕ್ಯಾಪ್ಚರ್ ಎನ್ನುವುದು ಇದಕ್ಕೇ. ಈ ಹಲ್ಲಿಗೂ ಹಿಂದಿನ ಹಲ್ಲಿಗೂ ನಡುವಿನ ಹೊತ್ತು ತಿಳಿದರೆ ವೇಗ ತಿಳಿಯಿತು. ಮನುಷ್ಯನ ಕಣ್ಣಿಗಿಂತ, ನೆನಪಿಗಿಂತ ಅದು ಸಾವಿರ ಪಾಲು ಖಚಿತ. ಗಂಡನನ್ನು ನಂಬಬೇಕೆಂದರೆ ತಾನು ಕಲಿಸಿದ್ದನ್ನು ನಂಬಬಾರದಾಗಿತ್ತು.

ಜೈಲಿನಿಂದ ಅವಳು ನೇರವಾಗಿ ವಕೀಲ ಮೌಲಾಹುಸೇನರ ಕಚೇರಿಗೆ ಹೋದಳು. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಅವರು ತಾವಾಗೆ ಎದ್ದು ನಿಂತು ಒಪ್ಕೊಂಡ್ರ ನಾ ಏನ ಮಾಡಲಿ ಹೇಳ್ರಿ? ಪೆಟಿಗಿ ತಪ್ಪೈತಿ ಅಂತ ಏನರ ಒಂದು ಸಬೂತು ತರ್ರಿ. ಹೆಂಡ್ತಿ ಮಾತು ನಡಿಯಂಗಿಲ್ಲ. ಕಣ್ಣಿಗೆ ಕಾಣೂವಂಥಾದ್ದು ಬೇಕು."

ಅಂಥದೇ ಇನ್ನೊಂದು ಪೆಟ್ಟಿಗೆಗಾಗಿ ಪಂಪಣ್ಣನಿಗೆ ಫೋನ್ ಮಾಡಿದಳು. "ನನ್ನ ಉಳಿದ ಬಸ್ಸಿನ ಸೀಲು ನಾ ಒಡಿಯಂಗಿಲ್ಲವ್ವ. ನನ್ನೂ ಒಳಗ ಹಾಕಸ್ತೀಯೇನು?" ಎಂದು ಅವನು ಫೋನಿಟ್ಟ. ಆಗ ಅವಳಿಗೆ ನೆನಪಾದದ್ದು ಕುಷ್ಟಗಿಯ ಹೆದ್ದಾರಿ ಬದಿಯ ಗ್ಯಾರೇಜಿನ ನೂರಸಾಬ. ಗಾಳೇಶ ಕ್ಲೀನರ್ ಆಗಿದ್ದ ಕಾಲದಿಂದ ಅವನನ್ನು ಬಲ್ಲ ಮುದುಕ. ಸಂಜೆಯೊಳಗೆ ಕುಷ್ಟಗಿ ಮುಟ್ಟಿದಳು. ಗುಜರಿಗೆ ಹೋದ ಬಸ್ಸಿನದೊಂದು ಪೆಟ್ಟಿಗೆ ಅವನ ಬಳಿ ಇತ್ತು. ಅದೇ ಕಂಪನಿಯದು, ಅದೇ ಮಾದರಿಯದು. ಅವನು ಒಂದೂ ಪ್ರಶ್ನೆ ಕೇಳದೆ ಹಳೆಯ ಪೇಪರಿನಲ್ಲಿ ಸುತ್ತಿ ಅವಳ ಕೈಗಿಟ್ಟ.

ಶುಕ್ರವಾರ ಲ್ಯಾಬಿನ ಬಾಗಿಲು ಮುಚ್ಚಿಕೊಂಡು ಕೂತಳು. ಚಕ್ರದ ಬದಲು ಹಲ್ಲು ಹಾದಂತೆ ಮಿಡಿತ ಕಳಿಸುವ ಒಂದು ಸಣ್ಣ ಬೋರ್ಡನ್ನು ತಾನೇ ಕಟ್ಟಿ ಪೆಟ್ಟಿಗೆಗೆ ಜೋಡಿಸಿದಳು. ಹತ್ತು ಕಿಲೋಮೀಟರಿನ ಮಿಡಿತ ಕೊಟ್ಟಳು. ಪೆಟ್ಟಿಗೆಯ ಕಿರುಪರದೆ ಹತ್ತು ತೋರಿಸಿತು. ಇಪ್ಪತ್ತಕ್ಕೆ ಇಪ್ಪತ್ತು. ನಲವತ್ತಕ್ಕೆ ನಲವತ್ತು. ವೈರು ಅಲುಗಾಡಿಸಿದಳು, ಬ್ಯಾಟರಿ ಇಳಿಸಿದಳು, ಮಗ್ಗುಲಲ್ಲೇ ಮೋಟಾರು ಓಡಿಸಿ ಗದ್ದಲ ಎಬ್ಬಿಸಿದಳು. ಎಂಬತ್ತಮೂರಕ್ಕೆ ಎಂಬತ್ತಮೂರು. ಮಧ್ಯಾಹ್ನದ ಹೊತ್ತಿಗೆ ನೂರಾ ಹತ್ತು ಸಲ ನೋಡಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಾಗ, ಹದಿನೇಳು ದಿನ ಹತ್ತಿರ ಸುಳಿಯಲು ಬಿಡದ ಮಾತು ಒಳಗೆ ಬಂದು ನಿಂತಿತು: ಅವನು ಜೋರಾಗಿಯೇ ಓಡಿಸಿದ್ದಾನೆ. ಒಬ್ಬ ಹೆಂಗಸನ್ನು ಕೊಂದು ನನ್ನೆದುರು ಸುಳ್ಳು ಹೇಳಿದ್ದಾನೆ.

ಮನೆಗೆ ಹೋದರೆ ಮಗಳು ಅಮೃತಾ ಶಾಲೆಯ ಸಮವಸ್ತ್ರವನ್ನು ಟ್ರಂಕಿನೊಳಗೆ ಹಾಕಿ ಬೀಗ ಹಾಕಿದ್ದಳು. ಇನ್ನು ಶಾಲೆಗೆ ಹೋಗುವುದಿಲ್ಲ ಎಂದಳು.

ಶನಿವಾರ ಗಂಗಾವತಿಗೆ ಹೋದಳು. ಈ ಪೆಟ್ಟಿಗೆಗಳನ್ನು ಮಾರುವ ಏಜೆಂಟನ ಅಂಗಡಿ ಅಲ್ಲಿತ್ತು. ಪ್ರೋಗ್ರಾಂ ಬರೆದವರ ನಂಬರಾದರೂ ಕೊಡಿ ಎಂದು ಕೈ ಮುಗಿದಳು.

"ಸರ್ಟಿಫಿಕೇಟ್ ಐತ್ರಿ ಮೇಡಂ, ನೋಡ್ರಿ," ಎಂದು ಅವನು ಗೋಡೆಯ ಚೌಕಟ್ಟು ತೋರಿಸಿದ. "ಸಾವಿರಾರು ಗಾಡಿಯಾಗ ಕುಂತಾವ. ಒಂದರ ಕಂಪ್ಲೇಂಟ್ ಬಂದಿಲ್ಲ. ಡ್ರೈವರ್ ಮಂದಿ ಹಿಂಗ ಅಂತಾರ, ಬಿಡ್ರಿ."

ಆ ಮಾತಿಗೆ ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಿಂದಿನ ದಿನದಿಂದ ತಾನೂ ಅದನ್ನೇ ಅನ್ನುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎರಡು ಕೊಪ್ಪಳದ ಬಸ್ಸು ಬಿಟ್ಟಳು. ಆಮೇಲೆ ನೂರಸಾಬನಿಗೆ ಫೋನ್ ಮಾಡಿದಳು. "ಕಾಕಾ, ನಾಳೆ ಒಂದು ಬಸ್ಸು ಜಾಕಿ ಮ್ಯಾಲ ಎತ್ತಿ ಕೊಡ್ತೀರೇನು? ಖರೇ ಚಕ್ರದ ಮ್ಯಾಲ ಒಂದ ಸಲ ನೋಡ್ತೀನಿ. ಅಲ್ಲಿಗೆ ಮುಗೀತು."

ಭಾನುವಾರ ಬೆಳಿಗ್ಗೆ ರಿಪೇರಿಗೆ ಬಂದಿದ್ದ ಬಸ್ಸೊಂದರ ಹಿಂದಿನ ಚಕ್ರಗಳು ನೆಲ ಬಿಟ್ಟು ಎದ್ದಿದ್ದವು. ನೂರಸಾಬ ಸ್ಟೇರಿಂಗಿನ ಮುಂದೆ ಕೂತ. ಹೇಮಾ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಹಳೆಯ ಟಯರಿನ ಮೇಲೆ ಕೂತಳು. ಅವನು ನಲವತ್ತಕ್ಕೆ ಓಡಿಸುವುದು, ಬಿಡುವುದು, ಚಕ್ರ ತಿರುಗಿ ತಿರುಗಿ ತಾನಾಗಿ ನಿಲ್ಲುವುದು. ಅವಳು ಆ ನಿಮಿಷದ ಲೆಕ್ಕ ನೋಡಿ ಬರೆದುಕೊಳ್ಳುವುದು. ನಲವತ್ತು. ನಲವತ್ತೊಂದು. ನಲವತ್ತು. ಬಿಸಿಲೇರಿತು. ಇಪ್ಪತ್ತು ಸಲವಾದ ಮೇಲೆ ಅವಳು ಬರೆಯುವುದನ್ನು ಬಿಟ್ಟಳು. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮೊಣಕಾಲಲ್ಲಿ ಮುಖ ಹುದುಗಿಸಿದಳು.

"ಚಾ ಕುಡೀರಿ ತಂಗೀ," ಎಂದು ನೂರಸಾಬ ಇಳಿದು ಬಂದ. ಹಿಂದೆ ಚಕ್ರ ಇನ್ನೂ ಮೆಲ್ಲಗೆ ತಿರುಗಿ ನಿಲ್ಲುತ್ತಿತ್ತು. ಅವನು ಬಗ್ಗಿ ಪೆಟ್ಟಿಗೆ ನೋಡಿದ. "ಇದರ ವೈರ ಎಲ್ಲೋ ಸಡಲ ಆಗೈತಿ ನೋಡ್ರಿ. ನಾ ನಲವತ್ತ ದಾಟಿಲ್ಲ. ಇದು ಅರವತ್ತೇಳು ಅಂತೈತಿ."

ಹೇಮಾ ತಲೆ ಎತ್ತಿದಳು. ಪೆಟ್ಟಿಗೆಯನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು. ಅರವತ್ತೇಳು. ವೈರು ಬಿಗಿಯಾಗಿಯೇ ಇತ್ತು.

"ಕಾಕಾ, ಚಕ್ರ ಕೈಲೆ ತಿರುವ್ರಿ. ಮೆಲ್ಲಗ. ಮನಷ್ಯಾ ನಡಿದಂಗ. ಅದಕಿಂತಲೂ ಮೆಲ್ಲಗ."

ಮುದುಕ ಎರಡೂ ಕೈಯಿಂದ ಟಯರು ಹಿಡಿದು ನೂಕಿದ. ಕಿರುಪರದೆಯ ಮೇಲೆ ಅಂಕಿಗಳು ಬಂದವು: ನಾಲ್ಕು, ನಾಲ್ಕು, ಇಪ್ಪತ್ನಾಲ್ಕು, ಐವತ್ತೆಂಟು, ತೊಂಬತ್ತೊಂದು. ಟಯರು ಅರ್ಧ ಸುತ್ತು ತಿರುಗಿತ್ತು, ಅಷ್ಟೇ.

"ಯಾ ಅಲ್ಲಾ," ಎಂದ ನೂರಸಾಬ.

ಹೇಮಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, ಅವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ: "ನಿಮ್ಮ ಗಡಿಯಾರಕ್ಕ ತಾಸಿನ ಮುಳ್ಳಿಲ್ಲ, ಬರೇ ನಿಮಿಷದ ಮುಳ್ಳೈತಿ ಅನ್ಕೋರಿ. ಹತ್ತಕ್ಕ ಕುಷ್ಟಗಿ ಬಿಟ್ಟು ಹನ್ನೊಂದೂ ಐದಕ್ಕ ಕೊಪ್ಪಳ ಮುಟ್ಟಿದೆ. ಆ ಗಡಿಯಾರ ನೋಡಿದ್ರ ಎಷ್ಟೊತ್ತಾತು?"

"ಐದ ನಿಮಿಷ."

"ಐದ ನಿಮಿಷದಾಗ ಕೊಪ್ಪಳ ಮುಟ್ಟಿದಾಕಿ ಎಷ್ಟ ಜೋರ ಹೋಗಿರಬೇಕು? ಈ ಟೈಮರೂ ಹಂಗ. ಅರವತ್ತೈದು ಸಾವಿರದ ಐದುನೂರಾ ಮೂವತ್ತೈದರ ತನಕ ಎಣಿಸ್ತೈತಿ, ಮತ್ತ ಸೊನ್ನಿಗೆ ಬರ್ತೈತಿ. ಒಂದು ಸುತ್ತಿಗೆ ಕಾಲು ಸೆಕೆಂಡಿನ ಮ್ಯಾಲ ಒಂಚೂರು. ಚಕ್ರ ಅಷ್ಟು ನಿಧಾನ ಆತಂದ್ರ ಎರಡು ಹಲ್ಲಿನ ನಡುವ ಒಂದು ಸುತ್ತು ಮುಗದು ಎರಡನೇದು ಸುರು ಆಗಿರ್ತೈತಿ. ಸುತ್ತು ಮುಗದದ್ದನ್ನ ಲೆಕ್ಕಕ್ಕ ಹಿಡೀಬೇಕಾಗಿತ್ತು. ಬರೆದವ ಹಿಡಿದಿಲ್ಲ. ಉಳಿದ ಚೂರನ್ನಷ್ಟ ನೋಡಿ, ಅಬ್ಬಾ ಎಷ್ಟ ಲಗೂ ಬಂತು ಹಲ್ಲು ಅಂತಾನ."

ಲ್ಯಾಬಿನಲ್ಲಿ ಅವಳು ಹತ್ತರಿಂದ ಮೇಲೆ ನೋಡಿದ್ದಳು. ಹತ್ತಕ್ಕಿಂತ ಕಡಿಮೆ ವೇಗ ಯಾರಿಗೆ ಬೇಕು ಎಂದುಕೊಂಡಿದ್ದಳು. ಪೆಟ್ಟಿಗೆ ಮಾಡಿದವರೂ ಹಾಗೆಯೇ ಅಂದುಕೊಂಡಿರಬೇಕು. ಬಸ್ಸು ನಿಲ್ಲುವಾಗಲೆಲ್ಲ ಈ ತಪ್ಪಿನ ಅಂಚಿಗೆ ಬರುತ್ತದೆ. ಆದರೆ ಉಳಿದ ಚೂರು ತೀರ ಚಿಕ್ಕದಾಗಿ ಬೀಳುವುದು ನೂರಕ್ಕೆ ಐದಾರು ಸಲ. ಸೀಲಿನೊಳಗಿನ ಪರದೆಯನ್ನು ಯಾವ ಡ್ರೈವರೂ ನೋಡುವುದಿಲ್ಲ. ಅಪಘಾತವಾದಾಗ ಮಾತ್ರ ನೋಡುತ್ತಾರೆ.

ರಟ್ಟಿನ ಮೇಲೆ ಲೆಕ್ಕ ಮಾಡಿದಳು. ಪೆಟ್ಟಿಗೆ ಎಂಬತ್ತಮೂರು ಎನ್ನಬೇಕಾದರೆ ಬಸ್ಸು ಗಂಟೆಗೆ ಮೂರೂ ಚಿಲ್ಲರೆ ಕಿಲೋಮೀಟರಿನಲ್ಲಿ ಉರುಳುತ್ತಿರಬೇಕು. ಚೀಲದಿಂದ ತನ್ನ ಬೋರ್ಡು ತೆಗೆದು ಅಷ್ಟೇ ನಿಧಾನದ ಮಿಡಿತ ಕೊಟ್ಟಳು. ಎಂಬತ್ತಮೂರು. ಎಂಬತ್ತಮೂರು. ಎಂಬತ್ತಮೂರು. ಅಂಕಿ ಅಲುಗಾಡದೆ ನಿಂತಿತು. ಹೇಮಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನೂರಸಾಬ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದ. ಆಮೇಲೆ ಅವನು ಮತ್ತೆ ಟಯರು ನೂಕಿ ತೊಂಬತ್ತೊಂದು ಬರಿಸಿದ್ದನ್ನು ಅವಳು ಹಿಡಿದಳು.

ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಅವಳನ್ನು ಹಿಡಿಯಿತು. ಮುಂದೆ ಮನುಷ್ಯರು ಕಂಡಾಗ ಡ್ರೈವರ್ ಬ್ರೇಕನ್ನು ಪೂರ್ತಿ ತುಳಿಯುತ್ತಾನೆ. ಬಸ್ಸು ಜಗ್ಗಿ ನಿಲ್ಲುತ್ತದೆ. ಮೂರು ಕಿಲೋಮೀಟರಿನಲ್ಲಿ, ಎಮ್ಮೆ ನಡೆದ ಹಾಗೆ, ಅದು ಯಾಕೆ ಉರುಳಿತು?

ಸೋಮವಾರ ಹತ್ತೂವರೆಗೆ ಗಾಳೇಶನನ್ನು ಕೋರ್ಟಿಗೆ ಕರೆತಂದರು. ವರಾಂಡದ ಬೆಂಚಿನ ಮೇಲೆ ಇಬ್ಬರು ಪೊಲೀಸರ ನಡುವೆ ಕೂರಿಸಿದರು. ಮೌಲಾಹುಸೇನರು ಮಾತಾಡಿ ಹತ್ತು ನಿಮಿಷ ಕೊಡಿಸಿದರು. ಎದುರಿನ ಕಂಬಕ್ಕೆ ಒರಗಿ ದುರಗಮ್ಮನ ಮಗ ಹುಲಿಗೆಪ್ಪ ನಿಂತಿದ್ದ. ದೂರು ಕೊಟ್ಟವನು ಅವನೇ. ಮಾತು ಕೇಳಿಸುವಷ್ಟು ಹತ್ತಿರದಲ್ಲಿದ್ದ.

ಹೇಮಾ ಅವಸರವಾಗಿ ಎಲ್ಲ ಹೇಳಿದಳು: ಹಲ್ಲು, ಟೈಮರು, ಸುತ್ತು. ಗಾಳೇಶ ನೆಲ ನೋಡುತ್ತ ಕೂತಿದ್ದ.

"ಬಿಡು ಹೇಮಾ. ಆ ಮುದುಕಿ ಸತ್ತಾಳಿಲ್ಲೋ?"

"ಸತ್ತಾಳ. ಆದ್ರ ನೀವು ಎಂಬತ್ತಮೂರರಾಗ ಇದ್ದಿಲ್ಲ. ಪೆಟಿಗಿ ಹಂಗ ಬರೀಬೇಕಂದ್ರ ಬಸ್ಸು ಮೆಲ್ಲಗ ಉರುಳಿರಬೇಕು. ಬ್ರೇಕ್ ಹಾಕಿದ್ರಿ ಅಂದ್ರಿ. ಮತ್ತ ಯಾಕ ಉರುಳ್ತು? ಅದೊಂದು ಹೇಳ್ರಿ."

ಅವನ ಮುಖ ಬೂದಿಯ ಹಾಗಾಯಿತು. ಪೊಲೀಸ ಗಡಿಯಾರ ನೋಡಿದ.

"ರಸ್ತೇದ ಮ್ಯಾಲ ಹುರುಳಿ ಹಾಕಿದ್ರು," ಎಂದ ಕೊನೆಗೆ.

ಆ ಸೀಮೆಯಲ್ಲಿ ಹುರುಳಿ ಕಿತ್ತ ಮೇಲೆ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಗಾಡಿಗಳು ಹಾದು ಕಾಳು ಉದುರುತ್ತದೆ. ಪೊಲೀಸರು ಬರುವ ಮೊದಲೇ ಯಾರೋ ಅದನ್ನು ಬಳಿದು ತೆಗೆದಿದ್ದರು. ಕಾಗದಪತ್ರದಲ್ಲಿ ಎಲ್ಲಿಯೂ ಹುರುಳಿಯ ಮಾತಿರಲಿಲ್ಲ.

"ಆಕಿ ನಡುವ ನಿಂತು ಹುರುಳಿ ತಿರುವಿ ಹಾಕಾಕತ್ತಿದ್ಲು. ನಾ ಬ್ರೇಕ್ ತುಳಿದೆ. ಕಾಳಿನ ಮ್ಯಾಲ ಬಸ್ಸು ಜಾರ್ತು. ಹಿಂದಿನ ಭಾಗ ಬಲಕ್ಕ ತಿರುಗಾಕತ್ತಿತು, ಆ ಕಡೆ ಹಳ್ಳ. ಒಳಗ ಮೂವತ್ತೊಂದು ಮಂದಿ ಮಕ್ಕೊಂಡಾರ. ಬ್ರೇಕ್ ಬಿಟ್ಟೆ, ಬಸ್ಸು ನೆಟ್ಟಗಾತು. ಮೂತಿ ಬಡದು ಆಕಿ ಬಿದ್ದಿದ್ಲು. ಎದ್ದು ಸರೀತಾಳ ಅನ್ಕೊಂಡೆ. ಮತ್ತ ಬ್ರೇಕ್ ತುಳಿದೆ, ಹಿಡೀಲಿಲ್ಲ, ಕಾಳಿನ ಮ್ಯಾಲ ಉರುಳ್ತು. ಮೆಲ್ಲಗ, ಹೇಮಾ. ಇಳದು ಕೈಲೆ ಹಿಡೀಬಹುದಾಗಿತ್ತು ಅನ್ನೂವಷ್ಟು ಮೆಲ್ಲಗ. ಗಾಲಿ ಆಕಿ ಮ್ಯಾಲ ಹತ್ತಿದ್ದು ಸೀಟಿನ್ಯಾಗ ಕುಂತ ನನಗ ತಿಳೀತು."

ಹೇಮಾ ಮೂರು ದಿನ ಅಂಗಲಾಚಿ ಹುಡುಕಿದ ಆ ನಿಧಾನದ ಗಳಿಗೆ, ತನ್ನ ಬೋರ್ಡಿನ ಮೇಲೆ ಮತ್ತೆ ಮತ್ತೆ ಓಡಿಸಿ ನೋಡಿ ಸಂತೋಷಪಟ್ಟ ಆ ಮೂರೂ ಚಿಲ್ಲರೆ, ದುರಗಮ್ಮನ ಮೇಲೆ ಗಾಲಿ ಹತ್ತಿದ ಗಳಿಗೆಯಾಗಿತ್ತು.

"ಇದನ್ನ ಯಾಕ ಹೇಳಲಿಲ್ಲ?"

"ಸತ್ತಾಕಿ ಮ್ಯಾಲ ತಪ್ಪು ಹ್ಯಾಂಗ ಹಾಕಲಿ? ರಸ್ತೇದಾಗ ಯಾಕ ನಿಂತಿದ್ದಿ ಅಂತ ಕೇಳಿದಂಗ ಆಗ್ತಿತ್ತು. ಬ್ರೇಕ್ ಬಿಟ್ಟಾವ ನಾನು. ಅದಕ್ಕ ಎಂಬತ್ತಮೂರು ಅಂದ್ರ ಎಂಬತ್ತಮೂರ ಇರಲಿ ಅನಸ್ತು. ಜೋರ ಹೋಗಿ ಬಡದೆ ಅಂದ್ರ ಅದಕ್ಕೊಂದು ಅರ್ಥ ಐತಿ. ಇದಕ್ಕ ಏನೈತಿ?"

ಕಂಬದ ಬಳಿ ಹುಲಿಗೆಪ್ಪ ಇರಲಿಲ್ಲ. ಯಾವಾಗ ಹೋದನೋ ಅವರು ಗಮನಿಸಿರಲಿಲ್ಲ.

"ಈಗ ಹೇಳಿದ್ದನ್ನ ಒಳಗ ಹೇಳ್ರಿ," ಎಂದಳು ಹೇಮಾ. "ಬ್ರೇಕ್ ಬಿಟ್ಟದ್ದನ್ನೂ ಹೇಳ್ರಿ. ನಿಮ್ಮ ಕಾಲು ಮಾಡಿದ್ದನ್ನ ಒಪ್ಕೋರಿ, ಬ್ಯಾಡ ಅನ್ನಂಗಿಲ್ಲ. ಮಾಡಲಾರದ್ದನ್ನ ಒಪ್ಕೋಬ್ಯಾಡ್ರಿ. ಅಮೃತಾ ಸಾಲಿ ಬಿಟ್ಟಾಳ."

ಒಳಗಿನಿಂದ ಗಾಳೇಶನ ಹೆಸರು ಕೂಗಿದರು.

ಒಳಗೆ ಮೌಲಾಹುಸೇನರು ಪೆಟ್ಟಿಗೆಯನ್ನೂ ಹೇಮಾಳ ಬೋರ್ಡನ್ನೂ ಮೇಜಿನ ಮೇಲಿಟ್ಟು ತೋರಿಸಲು ಅನುಮತಿ ಕೇಳಿದರು. ಆರೋಪಿಯ ಹೆಂಡತಿಯೇ ತಂದ ಯಂತ್ರ ಎಂದು ಸರ್ಕಾರಿ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಮೊಬೈಲಿನ ವಿಡಿಯೊವನ್ನು ಎರಡು ಸಲ ನೋಡಿದರು. ಮುದುಕನೊಬ್ಬ ಕೈಯಿಂದ ಟಯರು ನೂಕುತ್ತಿದ್ದ, ಪೆಟ್ಟಿಗೆ ತೊಂಬತ್ತೊಂದು ಎನ್ನುತ್ತಿತ್ತು. ಅವರು ಗಾಳೇಶನ ಕಡೆ ತಿರುಗಿ ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಹೇಮಾ ಕಣ್ಣು ಮುಚ್ಚಿದಳು.

"ನಲವತ್ತರಾಗ ಇದ್ದೆ ಸಾಹೇಬ್ರ," ಎಂದ ಗಾಳೇಶ. "ಆದ್ರ ನಡುವ ಬ್ರೇಕ್ ಬಿಟ್ಟಾವ ನಾನ," ಎಂದ.

ಜಪ್ತಾದ ಪೆಟ್ಟಿಗೆಯನ್ನು ಪರೀಕ್ಷೆಗೆ ಕಳಿಸಲು ಆದೇಶವಾಯಿತು. ವರದಿ ಬರುವವರೆಗೆ ಜಾಮೀನು ಸಿಕ್ಕಿತು.

ವರದಿ ಬರಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಗಾಳೇಶ ಮನೆ ಬಿಟ್ಟು ಹೊರಗೆ ಬಂದದ್ದು ಕಡಿಮೆ. ಹೇಮಾ ಸಾರಿಗೆ ಇಲಾಖೆಗೆ, ಪೆಟ್ಟಿಗೆಯ ಕಂಪನಿಗೆ ಪತ್ರದ ಮೇಲೆ ಪತ್ರ ಬರೆದಳು. ಎಲ್ಲಿಂದಲೂ ಉತ್ತರವಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ನೂರಸಾಬನ ಗ್ಯಾರೇಜಿಗೆ ಬಂದ ಹೊಸ ಪೆಟ್ಟಿಗೆಗಳಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿದರೆ ಮೂರು, ಎರಡು, ಸೊನ್ನೆ ಎಂದಷ್ಟೇ ಬರುತ್ತಿತ್ತು. ಯಾರೋ ಓದಿದ್ದರು, ಯಾರೋ ತಿದ್ದಿದ್ದರು. ರಸ್ತೆಯ ಮೇಲಿದ್ದ ಹಳೆಯ ಪೆಟ್ಟಿಗೆಗಳು ಹಾಗೆಯೇ ಇದ್ದವು.

ಜೂನ್ ತಿಂಗಳಲ್ಲಿ ವರದಿ ಬಂತು. ಜಪ್ತಾದ ಪೆಟ್ಟಿಗೆಯಲ್ಲಿಯೂ ಅದೇ ದೋಷವಿತ್ತು. ಸೀಲನ್ನು ಯಾರೂ ಮುಟ್ಟಿರಲಿಲ್ಲ. ದೊಡ್ಡ ಸೆಕ್ಷನ್ ಬಿದ್ದುಹೋಯಿತು. ಅಜಾಗರೂಕತೆಯ ಸಣ್ಣ ಕೇಸು ಉಳಿಯಿತು.

ಅವತ್ತು ಕೋರ್ಟಿನ ಮೆಟ್ಟಿಲ ಬಳಿ ಹುಲಿಗೆಪ್ಪ ಅವರಿಗಾಗಿ ಕಾಯುತ್ತಿದ್ದ. ಹೇಮಾ ಗಂಡನ ಮುಂದೆ ಬಂದು ನಿಂತಳು. ಹುಲಿಗೆಪ್ಪ ಕೈ ಅಡ್ಡ ಆಡಿಸಿದ.

"ಜಗಳಕ್ಕ ಬಂದಿಲ್ರಿ ಅಕ್ಕಾರ." ಅವನ ಕಣ್ಣು ಗಾಳೇಶನ ಮೇಲಿತ್ತು. "ಹುರುಳಿ ಹಾಕಿದಾವ ನಾನು. ಅವ್ವ ಬ್ಯಾಡಂದಿದ್ಲು. ಆಕೀನ ದವಾಖಾನಿಗೆ ಕಳಿಸಿ ಬಳದು ತಗದಾವನೂ ನಾನ. ಒಳಗ ಸಾಹೇಬ್ರ ಮುಂದ ಬರೆಸಿ ಬಂದೀನಿ."

ಗಾಳೇಶ ಹೆಂಡತಿಯ ಹಿಂದಿನಿಂದ ಮುಂದೆ ಬಂದ.

"ಒಂದು ಕೇಳ್ಬೇಕಾಗಿತ್ತು," ಎಂದ ಹುಲಿಗೆಪ್ಪ. "ನಾ ಓಡಿ ಬರೂದ್ರಾಗ ಆಕಿಗೆ ಮಾತು ಹೋಗಿತ್ತು. ನೀವು ಬಾಜೂಕ ಕುಂತಿದ್ರಿ. ಏನರ ಅಂದಳೇನು?"

"ನೀರ ಕೇಳಿದ್ಲು," ಎಂದ ಗಾಳೇಶ. "ಬಾಟ್ಲಿ ನನ್ನ ಸೀಟಿನ ಹತ್ರ ಇತ್ತು. ಕುಡಿಸಿದೆ."

"ಕುಡಿದಳೇನು?"

"ಎರಡು ಗುಟುಕು ಕುಡಿದ್ಲು."

ಹುಲಿಗೆಪ್ಪ ತಲೆಯಾಡಿಸಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಗೇಟಿನ ಕಡೆ ನಡೆದ. ಗಾಳೇಶ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೇಮಾ ಅವನ ಪಕ್ಕದಲ್ಲಿ ಕೂತಳು. ಕೋರ್ಟಿಗೆ ಬರುವವರು ಹೋಗುವವರು ಅವರಿಬ್ಬರನ್ನೂ ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು.